ಓಬವ್ವ ಕಾಯ್ದ ಕಿಂಡಿ

ಕನ್ನಡ ನಾಡಿನಲ್ಲಿ ಕೋಟೆ ಕಟ್ಟಿಸಿದ ಅರಸರ ಹೆಸರುಗಳಿಗೆ ಕೊರತೆಯಿಲ್ಲ. ಶಾಸನಗಳಲ್ಲಿಯೂ ಬಖೈರುಗಳಲ್ಲಿಯೂ ನಾವು ಪರೀಕ್ಷೆಗಾಗಿ ಓದುವ ಪುಸ್ತಕಗಳಲ್ಲಿಯೂ ಅವರ ಬಿರುದುಗಳು ಸಾಲುಸಾಲಾಗಿ ದೊರೆಯುತ್ತವೆ. ಆದರೆ ಆ ಕೋಟೆಗಳನ್ನು ಹಗಲಿರುಳು ಕಾಯ್ದವರ ಹೆಸರು ದೊರೆಯುವುದು ಬಹು ಅಪರೂಪ. ಅಂತಹ ಅಪರೂಪದ ಹೆಸರುಗಳಲ್ಲಿ ಓಬವ್ವನದು ಒಂದು. ಆಕೆಗೆ ಅರಸರು ಕೊಟ್ಟ ಬಿರುದಿಲ್ಲ. ಜನರೇ ಆಕೆಯ ಹೆಸರಿನ ಮುಂದೆ ಅಡುಗೆಮನೆಯ ಒಂದು ಸಾಧನವನ್ನು ಇಟ್ಟು, ಒನಕೆ ಓಬವ್ವ ಎಂದು ಕರೆದರು. ಬತ್ತ ಕುಟ್ಟುವ ಒನಕೆಯೇ ಬಿರುದಾದ ಇನ್ನೊಬ್ಬ ವೀರಳನ್ನು ನಾನರಿಯೆ.

ಆಕೆಯ ಶೌರ್ಯವನ್ನು ಹೊಗಳಿ ಬರೆದವರು ಹಲವರಿದ್ದಾರೆ. ಈ ಸಂಚಿಕೆಯಲ್ಲಿ ನಾನೂ ಅದನ್ನೇ ಮಾಡಿದರೆ ಸಹಪಾಠಿಗಳ ಹೊತ್ತನ್ನು ಹಾಳುಮಾಡಿದಂತಾದೀತು. ನಾನು ಆಕೆಯ ಬಾಳನ್ನು ಬೇರೊಂದು ಕಡೆಯಿಂದ ನೋಡಬಯಸುತ್ತೇನೆ. ಓಬವ್ವ ಯುದ್ಧಭೂಮಿಗೆ ಹೋದವಳಲ್ಲ. ಯುದ್ಧವೇ ಆಕೆಯ ಮನೆಯ ಹಿಂದಿನ ಸಂದಿಯಿಂದ ಒಳಗೆ ನುಸುಳಿತು. ಜನ ವಾಸವಾಗಿರುವ ಮನೆಗೆ ಕಳ್ಳದಾರಿಯಲ್ಲಿ ಬಂದವರನ್ನು ತಡೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಆಕೆ ಒಂದು ಮಧ್ಯಾಹ್ನ ಎದುರಿಸಬೇಕಾಯಿತು. ಅದೇ ಪ್ರಶ್ನೆಯನ್ನು ಇಂದು ಪಟ್ಟಣಗಳಲ್ಲಿ ಗಂಟೆ, ಕ್ಯಾಮರಾ, ತಂತಿಗಳ ಮುಖಾಂತರ ಬಿಡಿಸಲು ಯತ್ನಿಸುತ್ತಿದ್ದಾರೆ. ಆದುದರಿಂದ ಆಕೆಯ ಕಥೆ ಹಳೆಯದಾದರೂ ಅದರ ಪಾಠ ಹಳೆಯದಲ್ಲ.

ಈ ವಿಷಯ ನನ್ನ ಮನಸ್ಸನ್ನು ಹಿಡಿಯುವುದಕ್ಕೆ ನನ್ನ ಊರೂ ಕಾರಣ. ನಮ್ಮದು ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ. ಹೊರಗಿನವರಿಗೆ ಅದು ಅಮರೇಶ್ವರನ ಜಾತ್ರೆಯಿಂದ ಪರಿಚಿತ. ಹಿಂದೆ ಅದು ನಿಜಾಮರ ಅಧೀನದಲ್ಲಿದ್ದ ನಾಯಕ ಮನೆತನದ ಒಂದು ಸಂಸ್ಥಾನವಾಗಿತ್ತು. ಒಂದು ಕಡೆ ಮುದಗಲ್ಲಿನ ಕೋಟೆ, ಇನ್ನೊಂದು ಕಡೆ ಕೃಷ್ಣೆಯ ನಡುಗಡ್ಡೆಯಲ್ಲಿ ಜಲದುರ್ಗ, ಹತ್ತಿರದಲ್ಲೇ ಹಟ್ಟಿಯ ಚಿನ್ನದ ಗಣಿ. ಕಾಯಬೇಕಾದ ವಸ್ತುವಿಗೂ ಕಾಯುವ ಗೋಡೆಗೂ ನಮ್ಮ ಸೀಮೆಯಲ್ಲಿ ಎಂದೂ ಕೊರತೆ ಇರಲಿಲ್ಲ. ಚಿತ್ರದುರ್ಗದ ನಾಯಕರ ಕಥೆಗಳನ್ನು ನಮ್ಮ ಹಿರಿಯರು ನೆಂಟರ ಕಥೆಯನ್ನು ಹೇಳುವಂತೆಯೇ ಹೇಳುತ್ತಿದ್ದರು.

ಇನ್ನು ದುರ್ಗದ ಸಂಗತಿ. ವಿಜಯನಗರದ ಅರಸರ ಸೇವೆಯಲ್ಲಿದ್ದ ತಿಮ್ಮಣ್ಣನಾಯಕನಿಂದ 16ನೆಯ ಶತಮಾನದಲ್ಲಿ ಅಲ್ಲಿಯ ನಾಯಕ ಮನೆತನ ಬೇರೂರಿತು. ಮುಂದೆ ಇನ್ನೂರು ವರುಷಗಳ ಕಾಲ ಒಬ್ಬರಾದ ಮೇಲೊಬ್ಬರು ಅರಸರು ಬೆಟ್ಟದ ಬಂಡೆಗಳನ್ನೇ ಗೋಡೆಗಳೊಡನೆ ಬೆಸೆದು ಅದನ್ನು ಏಳು ಸುತ್ತಿನ ಕೋಟೆಯನ್ನಾಗಿ ಬೆಳೆಯಿಸಿದರು. ಅಂಕುಡೊಂಕಾದ ಬಾಗಿಲುಗಳು, ಎತ್ತರದ ಬತೇರಿಗಳು, ಮದ್ದು ಅರೆಯುವ ದೊಡ್ಡ ಬೀಸುಕಲ್ಲುಗಳು, ಮಳೆಯ ನೀರನ್ನು ಹಿಡಿದಿಡುವ ಹೊಂಡಗಳು ಇವೆಲ್ಲವನ್ನೂ ಅಲ್ಲಿ ಇಂದಿಗೂ ಕಾಣಬಹುದು. ಈ ಮನೆತನದ ಕೊನೆಯ ಅರಸನು ಮದಕರಿನಾಯಕ. ಆತ 1754ರಲ್ಲಿ ಪಟ್ಟಕ್ಕೆ ಬಂದನು. ಅದೇ ಕಾಲದಲ್ಲಿ ಮೈಸೂರಿನಲ್ಲಿ ಹೈದರಾಲಿಯ ಬಲ ಏರುತ್ತಿತ್ತು. ಹೈದರನ ಸೈನ್ಯ ದುರ್ಗವನ್ನು ಒಮ್ಮೆಯಲ್ಲ, ಹಲವು ಸಲ ಮುತ್ತಿತು. ಆ ಮುತ್ತಿಗೆಗಳ ಕಾಲದಲ್ಲಿಯೇ ಓಬವ್ವ ಬಾಳಿದಳು.

ಆಕೆಯ ತವರು ಗುಡೇಕೋಟೆ ಎಂದು ಜನರ ನಂಬಿಕೆ. ಅದು ಇಂದಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿನಲ್ಲಿದೆ. ಅಲ್ಲಿಯೂ ಬಂಡೆಗಳ ನಡುವೆ ಪಾಳೆಯಗಾರರ ಕೋಟೆಯೊಂದಿದೆ. ಛಲವಾದಿ ಸಮುದಾಯದವರು ಆಕೆಯನ್ನು ತಮ್ಮ ಮನೆಮಗಳೆಂದು ಅಭಿಮಾನದಿಂದ ನೆನೆಯುತ್ತಾರೆ. ಆಕೆ ಕೈಹಿಡಿದದ್ದು ದುರ್ಗದ ಕಾವಲುಗಾರ ಮುದ್ದಹನುಮನನ್ನು. ಅವನ ಉದ್ಯೋಗವೇ ಅವನ ಹೆಸರಿಗೆ ಅಂಟಿಕೊಂಡು, ಜನರ ಬಾಯಲ್ಲಿ ಅವನು ಕಹಳೆಯ ಮುದ್ದಹನುಮನಾದನು. ಗಂಡನ ಹೆಸರಿಗೆ ಕಹಳೆ, ಹೆಂಡತಿಯ ಹೆಸರಿಗೆ ಒನಕೆ! ಒಂದೇ ಮನೆಯ ಈ ಎರಡು ವಸ್ತುಗಳಲ್ಲಿಯೇ ಇಡೀ ಕಥೆ ಅಡಗಿದೆ ಎಂದು ನನಗೆ ಅನಿಸುತ್ತದೆ.

ಕಹಳೆ ಮದುವೆಮೆರವಣಿಗೆಗೆ ಮಾತ್ರ ಊದುವ ವಾದ್ಯವಲ್ಲ. ಕೋಟೆಯಲ್ಲಿ ಅದು ಎಚ್ಚರಿಕೆಯ ಧ್ವನಿ. ಬತೇರಿಯ ಮೇಲೆ ನಿಂತವನು ದೂರದಲ್ಲಿ ಧೂಳೆದ್ದುದನ್ನು ಕಂಡು ಕಹಳೆ ಊದಿದರೆ ಕೆಳಗಿನ ಬಾಗಿಲುಗಳು ಮುಚ್ಚಬೇಕು, ಸೈನಿಕರು ಆಯುಧ ಹಿಡಿದು ತಮ್ಮ ತಮ್ಮ ಸ್ಥಾನಗಳಿಗೆ ಓಡಬೇಕು. ಅಂದರೆ ಕಾವಲಿಗೆ ಮೂರು ಅಂಗಗಳು. ಮೊದಲನೆಯದು ಕಾಣುವ ಕಣ್ಣು, ಎರಡನೆಯದು ಸಾರುವ ಧ್ವನಿ, ಮೂರನೆಯದು ಧ್ವನಿ ಕೇಳಿ ಓಡಿಬರುವ ಜನ. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ವ್ಯರ್ಥ. ಕಣ್ಣಿಲ್ಲದ ಕಹಳೆ ಮೂಕ. ಓಡಿಬರುವವರಿಲ್ಲದ ಕಹಳೆ ಬರಿಯ ಗದ್ದಲ.

ಆದರೆ ಈ ಮೂರೂ ಸರಿಯಾಗಿದ್ದರೂ ಸಾಲದೆಂಬುದನ್ನು ಓಬವ್ವನ ಬಾಳು ತೋರಿಸುತ್ತದೆ. ಏಕೆಂದರೆ ಕಂಡ ಕ್ಷಣಕ್ಕೂ ನೆರವು ಬಂದು ಮುಟ್ಟುವ ಕ್ಷಣಕ್ಕೂ ನಡುವೆ ಒಂದಿಷ್ಟು ಹೊತ್ತು ಇದ್ದೇ ಇರುತ್ತದೆ. ಆ ಹೊತ್ತನ್ನು ಕಾಯುವವರು ಯಾರು?

ಹೈದರನ ಸೈನ್ಯ ಕೋಟೆಯ ಬಾಗಿಲುಗಳನ್ನು ಒಡೆಯಲಾರದೆ ಬೆಟ್ಟದ ಸುತ್ತ ಬೀಡುಬಿಟ್ಟಿತ್ತು. ಬಂಡೆಗಳ ನಡುವಿನ ಒಂದು ಕಿರುಗಂಡಿಯಿಂದ ಯಾರೋ ಕೋಟೆಯೊಳಗೆ ಹೋಗಿಬರುವುದನ್ನು ಅವರ ಬೇಹಿನವರು ಕಂಡರು. ಮೊಸರು ಮಾರುವ ಹೆಂಗಸೊಬ್ಬಳನ್ನು ಕಂಡರೆಂದು ಕೆಲವರು ಹೇಳುತ್ತಾರೆ. ಆನೆಗಳಿಂದ ಮುರಿಯದ ಬಾಗಿಲಿಗಿಂತ ಒಬ್ಬರು ತೆವಳಿಕೊಂಡು ನುಸುಳಬಲ್ಲ ಈ ಸಂದಿಯೇ ಲೇಸೆಂದು ಅವರು ಎಣಿಸಿದರು. ಕನ್ನ ಹಾಕುವವರ ಜಾಣತನ ಎಲ್ಲ ಕಾಲದಲ್ಲಿಯೂ ಒಂದೇ. ಅವರು ಮನೆಯ ಬಲವಾದ ಬಾಗಿಲಿಗೆ ಬರುವುದಿಲ್ಲ. ಮನೆಯವರು ಮರೆತ ಕಿಟಕಿಗೆ ಬರುತ್ತಾರೆ.

ಆ ಕಿಂಡಿಯ ಬಳಿಯ ಕಾವಲು ಮುದ್ದಹನುಮನದು. ಅವನ ಮನೆಯೂ ಅಲ್ಲಿಯೇ ಇತ್ತು. ಮಧ್ಯಾಹ್ನದ ಊಟಕ್ಕೆ ಅವನು ಮನೆಗೆ ಬಂದನು. ಓಬವ್ವ ಎಡೆಯಿಟ್ಟು ನೋಡಿದರೆ ಕುಡಿಯುವುದಕ್ಕೆ ನೀರಿರಲಿಲ್ಲ. ಕೊಡ ಎತ್ತಿಕೊಂಡು ಹತ್ತಿರದ ಹೊಂಡಕ್ಕೆ ಹೊರಟಳು. ತಣ್ಣೀರು ದೋಣಿ ಎಂಬ ಆ ನೀರಿನ ತಾಣ ಇಂದಿಗೂ ಕಿಂಡಿಯ ಸಮೀಪದಲ್ಲಿಯೇ ಇದೆ. ಅಲ್ಲಿ ಆಕೆಯ ಕಿವಿಗೆ ಪಿಸುಮಾತು ಬಿದ್ದಿತು. ಬಂಡೆಯ ಮರೆಯಿಂದ ನೋಡಿದಳು. ಕಿಂಡಿಯೊಳಗಿಂದ ಹೊರಗಿನವನೊಬ್ಬನ ತಲೆ ಮೇಲೇಳುತ್ತಿತ್ತು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಕಾವಲಿನ ಕೆಲಸಕ್ಕೆ ನೇಮಕಗೊಂಡವನು ಊಟಕ್ಕೆ ಕುಳಿತಿದ್ದನು. ಅದರಲ್ಲಿ ಅವನ ತಪ್ಪೇನೂ ಇಲ್ಲ. ಹಸಿವು ಎಲ್ಲರಿಗೂ ಒಂದೇ. ಶತ್ರುಗಳಿಗೂ ಅದೇ ಹೊತ್ತು ಬೇಕಾಗಿತ್ತು. ಆ ಹೊತ್ತಿನಲ್ಲಿ ಕೋಟೆಯ ಕಣ್ಣಾದವಳು ಸಂಬಳದ ಪಟ್ಟಿಯಲ್ಲಿ ಹೆಸರಿಲ್ಲದ ಒಬ್ಬ ಹೆಂಗಸು. ನೀರು ತರುವವಳಿಗೆ ಆ ಜಾಗದ ಪ್ರತಿಯೊಂದು ಸದ್ದೂ ಪರಿಚಿತ. ಯಾವ ಸದ್ದು ಗಾಳಿಯದು, ಯಾವುದು ಹಕ್ಕಿಯದು, ಯಾವುದು ಅಲ್ಲಿರಬಾರದ ಮನುಷ್ಯರದು ಎಂಬುದನ್ನು ದಿನವೂ ಕೊಡ ಹೊತ್ತು ನಡೆದವಳಲ್ಲದೆ ಇನ್ನಾರು ಬಲ್ಲರು?

ಆಕೆ ಗಂಡನನ್ನು ಏಕೆ ಕೂಗಲಿಲ್ಲ ಎಂದು ಕೇಳುವವರುಂಟು. ಉಣ್ಣುತ್ತಿರುವವನನ್ನು ಎಬ್ಬಿಸಬಾರದೆಂಬ ಪತಿಭಕ್ತಿಯಿಂದ ಎಂದು ಕಥೆ ಹೇಳುವವರು ಸಾಮಾನ್ಯವಾಗಿ ಉತ್ತರಿಸುತ್ತಾರೆ. ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಷ್ಟೇ ಎಂದು ಹೇಳಿದರೆ ಆಕೆಯ ಬುದ್ಧಿಗೆ ಅನ್ಯಾಯ ಮಾಡಿದಂತಾಗುತ್ತದೆಂದು ನನ್ನ ಭಾವನೆ. ಕೂಗಿದ್ದರೆ ಕೂಗು ಮೊದಲು ಮುಟ್ಟುತ್ತಿದ್ದುದು ಕಿಂಡಿಯಲ್ಲಿದ್ದವನಿಗೆ. ಮನೆಗೆ ಓಡಿದ್ದರೆ, ಗಂಡ ಕೈತೊಳೆದು ಕಹಳೆ ಹಿಡಿಯುವಷ್ಟರಲ್ಲಿ ಹತ್ತು ಮಂದಿ ಒಳಗೆ ಬಂದು ನಿಲ್ಲುತ್ತಿದ್ದರು. ಹತ್ತು ಮಂದಿ ಒಳಗೆ ನಿಂತ ಮೇಲೆ ಕಹಳೆ ಊದಿ ಫಲವೇನು? ಕಿಂಡಿಯ ಇಕ್ಕಟ್ಟೇ ಆಕೆಗೆ ಸಹಾಯಕ. ಅದರಲ್ಲಿ ಒಮ್ಮೆಗೆ ಒಬ್ಬನೇ ಬರಬಲ್ಲ. ಬರುವವನು ತಲೆಯನ್ನೇ ಮುಂದೆ ಮಾಡಿ, ಕೈಗಳನ್ನು ನೆಲಕ್ಕೆ ಊರಿ ಬರಬೇಕು. ಸಾವಿರ ಜನರ ಸೈನ್ಯ ಅಲ್ಲಿ ಒಬ್ಬನಾಗಿಬಿಡುತ್ತದೆ. ಇದನ್ನು ಆಕೆ ಕಣ್ಣೆವೆ ಮುಚ್ಚುವಷ್ಟರಲ್ಲಿ ಕಂಡುಕೊಂಡಳು.

ಕೈಗೆ ಸಿಕ್ಕಿದ ಆಯುಧ ಒನಕೆ. ದಿನವೂ ಎತ್ತಿ ಇಳಿಸಿ ಬಲಗೊಂಡಿದ್ದ ತೋಳುಗಳಿಗೆ ಅದರ ಭಾರ ಹೊಸದಲ್ಲ. ಕಿಂಡಿಯ ಪಕ್ಕದಲ್ಲಿ ನಿಂತು, ಮೇಲೆದ್ದ ತಲೆಗೆ ಆಕೆ ಒನಕೆಯನ್ನು ಇಳಿಸಿದಳು. ಹಿಂದಿನವನಿಗೆ ಅನುಮಾನ ಬಾರದಂತೆ ಹೆಣವನ್ನು ಎಳೆದು ಬದಿಗೆ ಹಾಕಿದಳು. ಎರಡನೆಯವನು ಬಂದನು, ಮೂರನೆಯವನು ಬಂದನು. ಮುಂದೆ ಹೋದವರು ಒಳಗೆ ಸುಖವಾಗಿ ಸೇರಿದರೆಂದೇ ಹಿಂದಿನವರು ಭಾವಿಸಿದರು. ಎಷ್ಟು ಮಂದಿ ಸತ್ತರೆಂಬ ಲೆಕ್ಕವನ್ನು ಹೇಳುವವರು ತಮ್ಮ ತಮ್ಮ ಭಕ್ತಿಗೆ ತಕ್ಕಂತೆ ಹೇಳುತ್ತಾರೆ. ನನಗೆ ಆ ಲೆಕ್ಕಕ್ಕಿಂತ ದೊಡ್ಡದಾಗಿ ಕಾಣುವುದು ಹೆಣಗಳನ್ನು ಬದಿಗೆ ಎಳೆದ ಆ ಕೆಲಸ. ಹೊಡೆಯುವುದಕ್ಕೆ ಆವೇಶ ಸಾಕು; ಪ್ರತಿ ಸಲವೂ ಜಾಗವನ್ನು ಖಾಲಿಮಾಡಿ ಮತ್ತೆ ಮರೆಯಲ್ಲಿ ನಿಲ್ಲುವುದಕ್ಕೆ ಸ್ಥಿರಚಿತ್ತ ಬೇಕು.

ಇತ್ತ ಊಟ ಮುಗಿಸಿದ ಮುದ್ದಹನುಮ ನೀರಿಗೆ ಹೋದ ಹೆಂಡತಿ ಇನ್ನೂ ಬಾರದಿರಲು ಹುಡುಕಿಕೊಂಡು ಬಂದನು. ನೆತ್ತರಿನಿಂದ ತೊಯ್ದ ಒನಕೆಯನ್ನು ಹಿಡಿದು ನಿಂತ ಓಬವ್ವನನ್ನೂ ಆಕೆಯ ಸುತ್ತ ಬಿದ್ದ ಹೆಣಗಳನ್ನೂ ಕಂಡನು. ತತ್‌ಕ್ಷಣ ಕಹಳೆ ಊದಿದನು. ಸೈನಿಕರು ಓಡಿಬಂದರು, ಕಿಂಡಿಯಿಂದ ಬಂದ ಅಪಾಯ ನಿವಾರಣೆಯಾಯಿತು. ಆದರೆ ಓಬವ್ವ ಆ ದಿನವನ್ನು ದಾಟಲಿಲ್ಲ. ಕಂಡ ದೃಶ್ಯದ ಆಘಾತದಿಂದ ಪ್ರಾಣಬಿಟ್ಟಳೆಂದು ಕೆಲವರು, ಬೆನ್ನಹಿಂದಿನಿಂದ ಬಂದ ಶತ್ರುವಿನ ಏಟಿಗೆ ಬಿದ್ದಳೆಂದು ಕೆಲವರು ಹೇಳುತ್ತಾರೆ. ಹೇಗಾದರೂ ಕಹಳೆ ಮೊಳಗುವವರೆಗಿನ ಹೊತ್ತನ್ನು ಆಕೆ ತನ್ನ ಪ್ರಾಣದಿಂದ ತುಂಬಿಕೊಟ್ಟಳು.

ದುರ್ಗ ಕೊನೆಯವರೆಗೂ ಉಳಿಯಲಿಲ್ಲ. 1779ರಲ್ಲಿ ಅದು ಹೈದರನ ವಶವಾಯಿತು; ಮದಕರಿನಾಯಕ ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ಹೋದನು. ಅರಸ ಹೋದರೂ ಅರಸನ ಕಾವಲುಗಾರನ ಹೆಂಡತಿ ಜನರ ನೆನಪಿನಲ್ಲಿ ಉಳಿದಳು. ಆ ಸಂದಿಗೆ ಒನಕೆ ಕಿಂಡಿ ಎಂಬ ಹೆಸರೇ ನಿಂತಿತು. ಅರಸರ ಕಾಗದಪತ್ರಗಳು ಮಾಡದ ಕೆಲಸವನ್ನು ಒಂದು ಬಂಡೆಯ ಬಿರುಕು ಮಾಡಿತು.

ಈಗ ನನ್ನ ಸಹಪಾಠಿಗಳನ್ನು ಕೊಂಚ ದೂರ ಕರೆದೊಯ್ಯುತ್ತೇನೆ. ಕಹಳೆಯ ಕೆಲಸವನ್ನು ವಿದ್ಯುತ್ತಿಗೆ ಒಪ್ಪಿಸಿದ ಮೊದಲಿಗರಲ್ಲಿ ಅಮೆರಿಕದ ಬಾಸ್ಟನ್ ನಗರದ ಬಳಿಯ ಆಗಸ್ಟಸ್ ಪೋಪ್ ಒಬ್ಬನು. ಬಾಗಿಲು ಅಥವಾ ಕಿಟಕಿ ತೆರೆದೊಡನೆ ತಂತಿಯಲ್ಲಿ ವಿದ್ಯುತ್ತು ಹರಿದು, ಅಯಸ್ಕಾಂತವು ಸುತ್ತಿಗೆಯನ್ನು ಅಲುಗಿಸಿ, ಗಂಟೆ ಬಾರಿಸುವ ಸಾಧನಕ್ಕೆ ಆತ 1853ರಲ್ಲಿ ಪೇಟೆಂಟು ಪಡೆದನು. ಆ ಹಕ್ಕನ್ನು ಕೊಂಡ ಎಡ್ವಿನ್ ಹೋಮ್ಸ್ ಎಂಬ ವ್ಯಾಪಾರಿ ಒಂದು ಹೆಜ್ಜೆ ಮುಂದೆ ಹೋದನು. ಮನೆಯಲ್ಲಿ ಗಂಟೆ ಬಾರಿಸಿದರೆ ಸಾಲದು, ಅದನ್ನು ಕೇಳುವವನೊಬ್ಬ ಎಚ್ಚರವಾಗಿರಬೇಕು ಎಂದು ತಿಳಿದು, ಹಲವು ಕಟ್ಟಡಗಳ ತಂತಿಗಳನ್ನು ಒಂದು ಕೇಂದ್ರ ಕಚೇರಿಗೆ ಎಳೆಸಿದನು. ಅಲ್ಲಿ ರಾತ್ರಿಯೆಲ್ಲ ಕುಳಿತವರು ಯಾವ ಮನೆಯ ಗಂಟೆ ಬಾರಿಸಿತೆಂದು ನೋಡಿ ಆಳುಗಳನ್ನು ಓಡಿಸುತ್ತಿದ್ದರು. ಇಂದು ನಗರಗಳಲ್ಲಿ ದುಡ್ಡು ಕೊಟ್ಟು ಪಡೆಯುವ ಎಚ್ಚರಿಕೆ ವ್ಯವಸ್ಥೆಗಳಿಗೆಲ್ಲ ಇದೇ ತಳಹದಿ. ಬಾಗಿಲಿಗೆ ಹಚ್ಚಿದ ಪುಟ್ಟ ಸಾಧನ ಕಣ್ಣು. ಫೋನಿನ ಸಂದೇಶ ಕಹಳೆ. ಕೇಂದ್ರದಲ್ಲಿ ಕುಳಿತವನೂ ಪೊಲೀಸರೂ ಓಡಿಬರುವ ಜನ.

ಇದೇ ಸಾಲಿನಲ್ಲಿ ನೆನೆಯಬೇಕಾದ ಹೆಂಗಸೊಬ್ಬಳಿದ್ದಾಳೆ. ನ್ಯೂಯಾರ್ಕಿನ ಕ್ವೀನ್ಸ್ ಎಂಬ ಭಾಗದಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ಕರಿಯ ಜನಾಂಗದ ದಾದಿ. ಆಕೆಯ ಗಂಡ ಆಲ್ಬರ್ಟ್ ಬ್ರೌನ್ ವಿದ್ಯುನ್ಮಾನ ಸಾಧನಗಳ ಕೆಲಸ ಬಲ್ಲವನು. ಇಬ್ಬರ ಕೆಲಸದ ಹೊತ್ತು ಬೇರೆಬೇರೆಯಾಗಿ, ಆಕೆ ಮನೆಯಲ್ಲಿ ಒಂಟಿಯಾಗಿರಬೇಕಾಗುತ್ತಿತ್ತು. ಬಾಗಿಲಲ್ಲಿ ನಾಲ್ಕು ಎತ್ತರಗಳಲ್ಲಿ ಕಿಂಡಿಗಳನ್ನಿಟ್ಟು, ಅವುಗಳ ಹಿಂದೆ ಮೇಲೆ ಕೆಳಗೆ ಚಲಿಸುವ ಕ್ಯಾಮರಾ ಹೊಂದಿಸಿ, ಹೊರಗೆ ನಿಂತವರನ್ನು ಒಳಗಿನ ಪರದೆಯ ಮೇಲೆ ನೋಡುವ ಏರ್ಪಾಟನ್ನು ಅವರಿಬ್ಬರೂ ರೂಪಿಸಿದರು. ಗುಂಡಿ ಒತ್ತಿದರೆ ಕಾವಲಿನವರಿಗೆ ಸುದ್ದಿ ಮುಟ್ಟುತ್ತಿತ್ತು. 1966ರಲ್ಲಿ ಅವರು ಅರ್ಜಿ ಹಾಕಿದರು. 1969ರಲ್ಲಿ ಪೇಟೆಂಟು ದೊರೆಯಿತು. ದುರ್ಗದ ಓಬವ್ವನಿಗೆ ಕಿಂಡಿ ಶತ್ರು ಬರುವ ದಾರಿ. ಕ್ವೀನ್ಸಿನ ಮೇರಿಗೆ ಕಿಂಡಿ ಶತ್ರುವನ್ನು ನೋಡುವ ಕಣ್ಣು. ದೇಶಕಾಲಗಳು ಬೇರೆಯಾದರೂ ಇಬ್ಬರೂ ನಿಂತದ್ದು ಒಂದೇ ಸ್ಥಳದಲ್ಲಿ: ಕಾಯುವವನು ಬೇರೆಡೆ ಇರುವ ಹೊತ್ತಿನಲ್ಲಿ, ಮನೆಯ ಒಳಗೆ.

ನಮ್ಮ ಹಳ್ಳಿಗಳಲ್ಲಿ ಇಂತಹ ಸಾಧನಗಳಿರಲಿಲ್ಲ. ಅಲ್ಲಿ ಊರಿಗೊಬ್ಬ ತಳವಾರನಿರುತ್ತಿದ್ದನು. ರಾತ್ರಿ ಗಸ್ತು ತಿರುಗುವುದು, ಹೊಸಬರು ಬಂದರೆ ವಿಚಾರಿಸುವುದು, ಕಳ್ಳತನವಾದರೆ ಹೆಜ್ಜೆಗುರುತು ಹಿಡಿದು ಹೋಗುವುದು ಅವನ ಪಾಲಿನ ಕೆಲಸ. ವಂಶಪಾರಂಪರ್ಯವಾಗಿ ಬಂದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆ ರದ್ದುಮಾಡಿತು. ಹುಟ್ಟಿನಿಂದ ಕೆಲಸ ನಿಶ್ಚಯವಾಗುವುದು ತಪ್ಪಿದ್ದು ಒಳ್ಳೆಯದೇ ಆಯಿತು. ಅದರಿಂದಲೇ ನನ್ನಂಥವನು ಇಂದು ಕಾಲೇಜಿನ ಬೆಂಚಿನ ಮೇಲೆ ಕುಳಿತಿದ್ದೇನೆ. ಆದರೆ ಊರನ್ನು ಕಾಯುವ ಭಾರ ಆ ಮೇಲೆ ಯಾರ ಹೆಗಲಿಗೆ ಬಿದ್ದಿತು?

ನಮ್ಮ ಮನೆಯನ್ನೇ ಉದಾಹರಣೆಯಾಗಿ ಹೇಳಬಹುದು. ನಮ್ಮ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ಹೊಸತಲ್ಲ. ನಮ್ಮಪ್ಪ ಹಾಗೆ ಹೋದವರು ಬೆಂಗಳೂರಿನ ಒಂದು ದೊಡ್ಡ ವಸತಿ ಕಟ್ಟಡದಲ್ಲಿ ರಾತ್ರಿ ಕಾವಲಿಗೆ ನಿಂತರು. ಅವರ ಮುಂದೆ ಕ್ಯಾಮರಾಗಳ ಪರದೆ ಇದೆ, ಕೈಗೆಟುಕುವಂತೆ ಗುಂಡಿ ಇದೆ. ಅಲ್ಲಿಯ ಯಾವ ಬಾಗಿಲು ತೆರೆದರೂ ಅವರಿಗೆ ತಿಳಿಯುತ್ತದೆ; ಗುರುಗುಂಟಾದ ತಮ್ಮ ಬಾಗಿಲು ತೆರೆದರೆ ಮಾತ್ರ ತಿಳಿಯುವುದಿಲ್ಲ. ಆ ಬಾಗಿಲಿಗೆ ಒಂದು ಚಿಲಕ, ಪಡಸಾಲೆಯಲ್ಲಿ ಮಲಗುವ ಅಜ್ಜಿಯ ಕಿವಿ, ಅರೆನಿದ್ದೆಯ ಅವ್ವ, ಇಷ್ಟೇ ಕಾವಲು. ಅಪ್ಪನ ಕಾವಲಿಗೆ ತಿಂಗಳಿಗೆ ಸಂಬಳವುಂಟು. ನನ್ನ ಫೀಜು ಅದರಿಂದಲೇ ಹೋಗುತ್ತದೆ. ಅವ್ವನ ಕಾವಲಿಗೆ ಯಾರೂ ಹೆಸರನ್ನೇ ಇಟ್ಟಿಲ್ಲ. ಇದನ್ನು ದೂರಿಗಾಗಿ ಬರೆಯುತ್ತಿಲ್ಲ. ರಾಯಚೂರು ಜಿಲ್ಲೆಯ ನೂರಾರು ಮನೆಗಳ ಸ್ಥಿತಿ ಇದೇ ಆಗಿರುವುದನ್ನು ನನ್ನ ಸಹಪಾಠಿಗಳು ಬಲ್ಲರು.

ಓಬವ್ವನನ್ನು ನಾಡು ಮರೆತಿಲ್ಲ ಎಂಬುದು ಸಂತೋಷದ ವಿಷಯ. ತ.ರಾ.ಸು. ಅವರ ಬರಹಗಳು ದುರ್ಗದ ಕಥೆಯನ್ನು ಓದುಗರ ಮನೆಮನೆಗೆ ಮುಟ್ಟಿಸಿದವು. 1972ರಲ್ಲಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ನಾಗರಹಾವು ಚಿತ್ರದಲ್ಲಿ ಜಯಂತಿಯವರು ಓಬವ್ವನಾಗಿ ಕಾಣಿಸಿಕೊಂಡ ಮೇಲೆ ಆಕೆಯನ್ನರಿಯದ ಕನ್ನಡ ಮಗುವೇ ಇಲ್ಲವೆನ್ನಬಹುದು. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಆಕೆಯ ಹೆಸರಿದೆ. 2021ರಿಂದ ಸರ್ಕಾರ ನವೆಂಬರ್ 11ರಂದು ಆಕೆಯ ಜಯಂತಿಯನ್ನು ಆಚರಿಸುತ್ತಿದೆ. ಮಹಿಳಾ ಪೊಲೀಸರ ಗಸ್ತು ತಂಡಗಳಿಗೂ ಓಬವ್ವ ಪಡೆ ಎಂದು ಹೆಸರಿಟ್ಟದ್ದುಂಟು. ಇವೆಲ್ಲ ಯೋಗ್ಯವಾದ ಗೌರವಗಳೇ.

ಆದರೆ ಜಯಂತಿಯ ಹೂಮಾಲೆಯಲ್ಲಿ ಒಂದು ಸಂಗತಿ ಮರೆಯಾಗಬಾರದು. ಒಬ್ಬ ಹೆಂಗಸು ಒನಕೆ ಹಿಡಿಯಬೇಕಾಗಿ ಬಂದದ್ದು ಆಕೆಯ ಹಿರಿಮೆ. ಅದೇ ಸಮಯದಲ್ಲಿ ಕೋಟೆಯ ಕಾವಲಿನ ಕೊರತೆಯೂ ಹೌದು. ಏಳು ಸುತ್ತು ಗೋಡೆ ಕಟ್ಟಿಸಿದವರು ಆ ಒಂದು ಕಿಂಡಿಗೆ ಇನ್ನೊಬ್ಬ ಕಾವಲಿನವನನ್ನು ನೇಮಿಸಿದ್ದರೆ ಮುದ್ದಹನುಮ ನಿಶ್ಚಿಂತೆಯಿಂದ ಉಣ್ಣುತ್ತಿದ್ದನು, ಓಬವ್ವ ನೀರು ತಂದು ತಾನೂ ಉಣ್ಣುತ್ತಿದ್ದಳು. ವೀರರನ್ನು ಹೊಗಳುವುದು ಸುಲಭ. ವೀರರ ಅಗತ್ಯವೇ ಬೀಳದಂತೆ ಏರ್ಪಾಟು ಮಾಡುವುದು ಕಷ್ಟ. ಇಂದು ಸಾಧನಗಳು ಅಗ್ಗವಾಗುತ್ತಿವೆ. 112 ಎಂಬ ಸಂಖ್ಯೆಗೆ ಕರೆಮಾಡಿದರೆ ಪೊಲೀಸರಿಗೆ ಸುದ್ದಿ ಮುಟ್ಟುವ ಅನುಕೂಲ ಹಳ್ಳಿಗೂ ಬಂದಿದೆ. ಆದರೂ ಒಂಟಿ ಹೆಂಗಸರೂ ಮುದುಕರೂ ಇರುವ ಮನೆಗಳು ಯಾವುವು, ಯಾವ ಓಣಿಯ ದೀಪ ಕೆಟ್ಟಿದೆ, ರಾತ್ರಿ ಕೂಗು ಕೇಳಿದರೆ ಮೊದಲು ಓಡುವವರು ಯಾರು ಎಂಬುದನ್ನು ಯಾವ ಯಂತ್ರವೂ ಗೊತ್ತುಮಾಡಿಕೊಡಲಾರದು. ಅದನ್ನು ಊರಿನವರೇ ಕುಳಿತು ಗೊತ್ತುಮಾಡಬೇಕು.

ನಮ್ಮ ಕಾಲೇಜಿನಲ್ಲಿ ಓದುವ ಬಹುಮಂದಿ ಹಳ್ಳಿಗಳಿಂದ ಬಂದವರು. ರಜೆಯಲ್ಲಿ ಊರಿಗೆ ಹೋದಾಗ ನಮ್ಮ ನಮ್ಮ ಓಣಿಯಲ್ಲಿ ಇಂತಹ ಮನೆಗಳು ಎಷ್ಟಿವೆಯೆಂದು ಎಣಿಸಿ, ಅಕ್ಕಪಕ್ಕದ ಯುವಕರ ಫೋನಿನ ಸಂಖ್ಯೆಗಳನ್ನು ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿಟ್ಟು ಬರುವುದು ನಮ್ಮಿಂದ ಆಗದ ಕೆಲಸವಲ್ಲ. ಓಬವ್ವನ ಭಾವಚಿತ್ರಕ್ಕೆ ಹೂವೇರಿಸುವ ಕೈಗಳು ಈ ಕೆಲಸವನ್ನೂ ಮಾಡಲಿ. ಆಕೆಯ ಹೊತ್ತಿನಲ್ಲಿ ಕಹಳೆ ತಡವಾಗಿ ಮೊಳಗಿತು. ನಮ್ಮ ಹೊತ್ತಿನಲ್ಲಿ ಹಾಗಾಗುವುದು ಬೇಡ.